ಇರಬಹುದು

ಮೊದಲ ಪಟದಲ್ಲಿ ಪಿನ್ನು ಬಂದುಬಿಟ್ಟಿತ್ತು.
ತಾಳಿಗೆ ಸಿಕ್ಕಿಸಿಕೊಂಡದ್ದನ್ನು ತೆಗೆಯಲು ಮರೆತಿದ್ದರು
ದೇವೀರಮ್ಮ, ಮೂವತ್ತೊಂದು ವರ್ಷ,
ಮಂಡಿಮೊಹಲ್ಲದ ಹಿಂದಿನ ಗಲ್ಲಿ, ಊದಿನಕಡ್ಡಿ ಹೊಸೆಯುವ ಕೆಲಸ.
ಬೆಳ್ಳನೆಯ ಪಿನ್ನು, ಪಕ್ಕೆಲುಬಿಗೆ ನೇತುಹಾಕಿ
ಯಾರೋ ಮರೆತು ಹೋದ ಹಾಗೆ.

"ಇನ್ನೊಂದ್ಸಲ, ತಾಯಿ. ಗಲ್ಲ ಮೇಲೆ. ಭುಜ ಮುಂದಕ್ಕೆ.
ಉಸಿರು ಎಳ್ಕೊಳಿ. ಹಿಡ್ಕೊಳಿ."
ಆಗಲಿಲ್ಲ. ಕೆಮ್ಮು.
ಆಮೇಲೆ ಹಿಡಿದರು,
ಉಕ್ಕುವ ಹಾಲಿನ ಮುಂದೆ ನಿಂತವರಂತೆ
ಕಣ್ಣು ಮಿಟುಕಿಸದೆ.

ದೊಡ್ಡಾಸ್ಪತ್ರೆಯ ಈ ಕತ್ತಲ ಕೋಣೆಯಲ್ಲಿ
ನನಗೆ ಹತ್ತೊಂಬತ್ತು ವರ್ಷ.
ಇಲ್ಲಿ ಬಣ್ಣಗಳ ನ್ಯಾಯವೇ ತಿರುವುಮುರುವು:
ಕಪ್ಪೆಂದರೆ ಗಾಳಿ. ಕಪ್ಪೆಂದರೆ ನೆಮ್ಮದಿ.
ಅವರ ಬೆರಳ ಸಂದಿಯ ಇದ್ದಿಲಪುಡಿ
ಹಲಗೆಗೆ ಅಂಟಿತ್ತು, ಐದೂ ಬೆರಳು.
ಒರೆಸುವ ಮುಂಚೆ ಸುಮ್ಮನೆ ನೋಡಿದೆ.

ಎರಡನೆಯ ಪಟದಲ್ಲಿ ಪಿನ್ನಿರಲಿಲ್ಲ.
ಅದು ಇತ್ತು.
ಬಲಗಡೆ, ಕೊರಳೆಲುಬಿನ ಕೆಳಗೆ
(ಪಟದಲ್ಲಿ ನನಗೆ ಎಡ; ಎದುರು ನಿಂತವರ ಬಲ)
ಸುಣ್ಣದ ಕೈ ತಾಗಿಸಿದಂತೆ ಮಬ್ಬು,
ಮಬ್ಬಿನೊಳಗೆ ದುಂಡಗೆ ಒಂದು ಖಾಲಿ,
ನಾಕಾಣೆ ಬಿಲ್ಲೆಯಷ್ಟು.
"ಅದನ್ನೂ ತೆಗೆದಿಟ್ಟು ಬನ್ನಿ" ಅನ್ನುವಂತಿಲ್ಲ.

ಓದುವುದು ನನ್ನ ಕೆಲಸವಲ್ಲ.
ಓದಿದ ಡಾಕ್ಟರು ಬರೆದರು: ಕ್ಷಯ ಇರಬಹುದು.
ಹಳೆಯ ಗಾಯದ ಕಲೆ ಇರಬಹುದು,
ಬೇರೆ ಸೋಂಕೂ ಇರಬಹುದು.
ಕಫ ಪರೀಕ್ಷೆ ಆಗಲಿ.

ಕಾರಿಡಾರಿನಲ್ಲಿ ತಡೆದು ಕೇಳಿದರು:
"ಏನ್ ಬರ್ದವ್ರೆ ಅಣ್ಣ?"
ಹೇಳಬಾರದು. ಹೇಳಿದೆ.
"ಇರ್ಬೋದು ಅಂತ."
"ಇರ್ಬೋದಾ?" ಅವರ ಮುಖ ಒಂದು ಗಳಿಗೆ ಸಡಿಲಾಯಿತು.
"ಮನೇಲೇ? ಕೂಸಿನ ಜೊತೆ?"

ಹತ್ತೊಂಬತ್ತು ವರ್ಷ ಅದೇ ಪದ ಕಂಡಿದ್ದೇನೆ,
ಎಷ್ಟು ಚೀಟಿಗಳಲ್ಲಿ.
ಅದು ಅಪ್ಪಣೆಯೂ ಆಗುತ್ತದೆಂದು ಹೊಳೆದಿರಲಿಲ್ಲ.

"ಅದಲ್ಲ ತಾಯಿ" ಎಂದು ಶುರುಮಾಡಿ
ಎಲ್ಲಿಗೂ ಮುಟ್ಟಿಸಲಾಗದೆ
ಕೈಗೆ ಕಫದ ಡಬ್ಬಿ ಕೊಟ್ಟೆ.
ಬೆಳಿಗ್ಗೆ ಎದ್ದವರೇ, ಬಾಯಿ ಮುಕ್ಕಳಿಸಿ,
ಎಂಜಲಲ್ಲ, ಎದೆಯಾಳದಿಂದ.
ಅಲ್ಲೀತಂಕ ಕಿಟಕಿ ತೆಗ್ದಿಡಿ. ಬಾಯಿಗೆ ಬಟ್ಟೆ ಕಟ್ಕೊಳಿ.
ಕೂಸು ಅಜ್ಜಿ ಹತ್ರ ಮಲಗಲಿ.
ಇದ್ರೂ ವಾಸಿಯಾಗತ್ತೆ. ಮಾತ್ರೆ ಇದೆ, ದುಡ್ಡಿಲ್ಲ.

ಡಬ್ಬಿಯ ಮುಚ್ಚಳ ತಿರುಗಿಸಿ, ಮತ್ತೆ ತಿರುಗಿಸಿ,
ಸೆರಗಿನೊಳಗಿಟ್ಟು ಹೋದರು.

ಪಿನ್ನು ನನ್ನ ಮೇಜಿನ ಮೇಲೆಯೇ ಉಳಿದಿದೆ.
ನಾಳೆ ಬಂದಾಗ ಕೊಡಬೇಕು.
ಬರಬಹುದು.