ಕಕ್ಕಡ ಹತ್ತೊಂಬತ್ತು

ವರ್ಷಕ್ಕೊಮ್ಮೆ, ಆಗಸ್ಟಿನ ಈ ಬೆಳಿಗ್ಗೆ,
ಗೋಣಿಕೊಪ್ಪಲಿನ ನನ್ನ ಲ್ಯಾಬಿನ ಬಾಗಿಲಲ್ಲಿ
ಊರಿಗೆ ಹೊಸಬರೊಬ್ಬರು ಬಿಳಿಚಿಕೊಂಡು ನಿಂತಿರುತ್ತಾರೆ.
ಈ ಸಲ ಬ್ಯಾಂಕಿನ ಮ್ಯಾನೇಜರು, ಸುರಪುರದ ಕಡೆಯವರು.
ಕೈಯಲ್ಲಿ ಬಾಟಲಿ. ಬಾಟಲಿಯಲ್ಲಿ ಕೆಂಪು.
"ನಿನ್ನೆ ಪಾಯಸ ತಿಂದಿರಾ ಸಾರ್, ನೇರಳೆ ಬಣ್ಣದ್ದು?"
"ಪಕ್ಕದ ಮನೆಯವರು ಕೊಟ್ಟರು. ಎರಡು ಬಟ್ಟಲು."
ಮದ್ದುಸೊಪ್ಪು ಸಾರ್. ಕಕ್ಕಡ ಹದಿನೆಂಟಕ್ಕೆ
ಹದಿನೆಂಟು ಮದ್ದು ಆ ಎಲೆಗೆ ಇಳಿಯುತ್ತವಂತೆ.
ಕೆಂಪು ಬಂದರೆ ಮದ್ದು ಮೈ ಹಾದು ಹೋಯಿತೆಂದು ಲೆಕ್ಕ.
ದುಡ್ಡು ತೆಗೆದುಕೊಳ್ಳಲಿಲ್ಲ.

ಆಮೇಲೆ ಬಂದರು ಸುಬೇದಾರ್ ಉತ್ತಯ್ಯ.
ಅವರ ಕೆಂಪು ಬೇರೆ.
ಎಲೆಯದ್ದಲ್ಲ, ಒಂದು ದಿನದ್ದಲ್ಲ,
ಮೂರು ವರ್ಷದಿಂದ ಕರುಳು ಸೋರುತ್ತಿರುವುದು.
ಮೈಸೂರಿನ ಡಾಕ್ಟರು ಅದಕ್ಕೆ ಉದ್ದದ ಹೆಸರು ಬರೆದಿದ್ದಾರೆ,
ಇವರು ಗಿಡ್ಡ ಮಾಡಿಕೊಂಡಿದ್ದಾರೆ:
"ನಮ್ಮ ಕಾವಲಿನವನೇ ನಮ್ಮ ಮನೆಗೆ ಗುಂಡು ಹೊಡೀತಿದ್ದಾನೆ."
ಇಪ್ಪತ್ತೆಂಟು ವರ್ಷ ಲಂಗರಿನ ಮೈದಾ, ಡಬ್ಬಿಯ ಮಾಂಸ,
ನೆಗಡಿಗೊಂದು, ಗಾಯಕ್ಕೊಂದು, ಸುಮ್ಮನೊಂದು ಮಾತ್ರೆ.
ಒಳಗಿನ ಊರು ಅದರಿಂದಲೇ ಖಾಲಿಯಾಯಿತೋ
ನನಗೆ ಗೊತ್ತಿಲ್ಲ. ಡಾಕ್ಟರಿಗೂ ಪೂರಾ ಗೊತ್ತಿಲ್ಲ.

ಗೊತ್ತಿರುವುದು ಇಷ್ಟು.
ದೊಡ್ಡ ಕರುಳಿನಲ್ಲಿ ಬೆಳಕಿಲ್ಲ, ಗಾಳಿಯಿಲ್ಲ.
ಸಕ್ಕರೆ ಅಲ್ಲಿಯತನಕ ಬರುವುದಿಲ್ಲ, ದಾರಿಯಲ್ಲೇ ಖರ್ಚು.
ಬರುವುದು ನಮ್ಮಿಂದ ಆಗದೆ ಬಿಟ್ಟದ್ದು:
ಮೂರು ದಿನ ನೀರಲ್ಲಿಟ್ಟ ಕಣಿಲೆಯ ನಾರು,
ಕೆಸುವಿನ ದಂಟು, ತೆರ್ಮೆಸೊಪ್ಪು,
ಹಲ್ಲಿಗೆ ಸಿಕ್ಕಿ ನಾವು ಬಯ್ದುಕೊಂಡ ಎಳೆ.
ಕಾದು ಕೂತವರಿಗೆ ಅದೇ ಊಟ.
ಕಣ್ಣಿಲ್ಲ, ಕೈಯಿಲ್ಲ, ಹೆಸರು ಕೇಳಿದರೆ ಲ್ಯಾಟಿನ್ನು.
ಎಳೆ ಬಿಡಿಸುತ್ತಾರೆ, ಹುಳಿ ಬರಿಸುತ್ತಾರೆ,
ಕಾಚಂಪುಳಿಗೆ ದೂರದ ನೆಂಟ,
ಹಳಸಿದ ಬೆಣ್ಣೆಯ ನಾತದ ಹುಳಿ.
ಅದನ್ನು ಉಂಡು ಕರುಳಿನ ಗೋಡೆ ನಿಲ್ಲುತ್ತದೆ.
ಗೋಡೆಯಾಚೆ ಬೆರಳು ಕುದುರೆಯ ಮೇಲಿಟ್ಟು ನಿಂತ ಹುಡುಗರಿಗೂ
ಅದೇ ಹುಳಿಯಲ್ಲಿ ಮಾತು ಹೋಗುತ್ತದೆ:
ಇವರು ನಮ್ಮವರು. ಕೋವಿ ಇಳಿಸು.

ಕೈಗವಸು ಕಳಚುತ್ತ ಇದನ್ನೆಲ್ಲ ಹೇಳಿದೆ.
ಉತ್ತಯ್ಯ ಕಿಟಕಿಯಾಚೆ ನಿಂತ ಜೀಪನ್ನೇ ನೋಡುತ್ತಿದ್ದರು.
"ನಾಟಿ ಶುರುವಾದರೆ ಕೋವಿ ಕನ್ನಿಕೋಂಬರೆಯೊಳಗೆ.
ಕೈಲ್‌ಪೊಳ್ದ್ ತನಕ ಮುಟ್ಟುವ ಹಾಗಿಲ್ಲ.
ಹಂದಿ ಗದ್ದೆಗಿಳಿದರೂ ಅಜ್ಜ ಬೀಗ ಕೊಡುತ್ತಿರಲಿಲ್ಲ.
ಕೆಸರಲ್ಲಿರುವವರು ಮೊದಲು ಉಣ್ಣಲಿ, ಅನ್ನೋರು."
ಆಮೇಲೆ ಕೇಳಿದರು, "ಹಾಗಾದರೆ ಕಣಿಲೆ ತಿಂದರೆ ಸಾಕಾ?"
ಸಾಕಾಗುವುದಿಲ್ಲ, ಸುಬೇದಾರರೆ. ಮಾತ್ರೆ ಬಿಡಬೇಡಿ.
ರಕ್ತ ನಿಲ್ಲಲಿ, ಡಾಕ್ಟರನ್ನು ಕೇಳಿ, ಆಮೇಲೆ ಚೂರು ಚೂರು.
ಉರಿಯುವ ಮನೆಗೆ ನೆಂಟರನ್ನು ಕರೆಯಬಾರದು.

ಹೋದ ವರ್ಷ ಹಾಡಿಯ ಚೋಮಿಯ ಹತ್ತಿರ
ಯಾವುದೋ ಅಧ್ಯಯನಕ್ಕೆಂದು ಡಬ್ಬಿ ಹಿಡಿದು ನಿಂತಿದ್ದೆ.
"ಅಕ್ಕಿ ಕೇಳಿದರೆ ಕೊಡದ ಸರ್ಕಾರ, ಇದನ್ನ ಕೇಳ್ತದಾ!"
ನಗುತ್ತ ನೆಲಕ್ಕೇ ಕೂತುಬಿಟ್ಟಳು.
ಸೂಕ್ಷ್ಮದರ್ಶಕದ ಕೆಳಗೆ ಅವಳ ಗಾಜು
ಭಾನುವಾರದ ಸಂತೆ, ಕಾಲಿಡಲು ಜಾಗವಿಲ್ಲ.
ಮೊಮ್ಮಗಳದು ತೆಳ್ಳಗೆ, ಸಂತೆ ಎದ್ದ ಸೋಮವಾರದ ಹಾಗೆ.
ಬಿದಿರಿಗೆ ಹೋದರೆ ಗಾರ್ಡು ಕೇಸು ಹಾಕುತ್ತಾನೆ,
ಅಂಗಡಿಯಲ್ಲಿ ಐದು ರೂಪಾಯಿಗೆ ಬಿಸ್ಕತ್ತು.
ವರದಿಯಲ್ಲಿ ಇದಕ್ಕೆ ಕಾಲಮ್ಮಿರಲಿಲ್ಲ.

ಉತ್ತಯ್ಯ ಎದ್ದರು. ಕೊಡೆ ಹುಡುಕಿದರು.
"ಬರುವ ಕಕ್ಕಡಕ್ಕೆ ನಾನೂ ಪಾಯಸದ ಕೆಂಪು ತರ್ತೇನೆ,
ಆ ಮ್ಯಾನೇಜರ ಹಾಗೆ. ನೀನು ದುಡ್ಡು ತಗೋಬಾರದು."
ಚೀಟಿಗೆ ಹೆಸರು ಬರೆದೆ, ವಯಸ್ಸು ಬರೆದೆ.
ಬಣ್ಣ ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು.

ಮಧ್ಯಾಹ್ನ ಡಬ್ಬಿ ತೆರೆದರೆ ನಿನ್ನೆಯ ಕಡಂಬಿಟ್ಟು, ಕಣಿಲೆ.
ನಾರೊಂದು ಹಲ್ಲಿಗೆ ಸಿಕ್ಕಿತು.
ನಾಲಿಗೆಯಿಂದ ಬಿಡಿಸಿ, ಉಗುಳದೆ,
ಒಳಕ್ಕೆ ಕಳಿಸಿದೆ.