ಮಾಯಿಸುವವನು

ಮಡಿಕೇರಿಯ ಚಳಿಗೆ ಮೇಣ ಬೇಗ ಗಟ್ಟಿಯಾಗುತ್ತದೆ.
ಬೆಳಿಗ್ಗೆ ಎಂಟಕ್ಕೇ ಅಚ್ಚಿನಿಂದ ಬಿಡಿಸಿದೆ:
ಮುತ್ತಿ, ನಲವತ್ತೊಂಬತ್ತು, ಪಾಲಿಬೆಟ್ಟದ ಲೈನ್‌ಮನೆ,
ಎಡ ಮೊಲೆ, ಮೂರು ಕಾಫಿ ಹಣ್ಣು ಸೇರಿದಷ್ಟು.
ಕೂದಲಿಗಿಂತ ತೆಳ್ಳಗೆ ಹೆರೆದೆ,
ಬಿಸಿನೀರ ಮೇಲೆ ತೇಲಿಬಿಟ್ಟು ಗಾಜಿಗೆ ಹಿಡಿದೆ,
ನೇರಳೆಯಲ್ಲೊಮ್ಮೆ, ಗುಲಾಬಿಯಲ್ಲೊಮ್ಮೆ ಅದ್ದಿದೆ.

ಡಾಕ್ಟರ್ ಪೂವಮ್ಮ ಜೋಡಿ ಮಸೂರದ ಒಂದು ಕಣ್ಣು
ನನ್ನತ್ತ ತಿರುಗಿಸಿದರು.
ನಾನು ಹುಡುಕಿದ್ದು ಕೇಡನ್ನು,
ದೊಡ್ಡ ತಲೆಯ, ಗುಂಪುಗೂಡಿದ ನೇರಳೆ ಕೋಶಗಳನ್ನು.
"ಅವಲ್ಲ," ಎಂದರು, "ಅವುಗಳ ಸುತ್ತ ನೋಡು."

ಸುತ್ತ ನೀನಿದ್ದೆ.
ಕದಿರಿನಂತೆ ಉದ್ದ, ಎರಡು ತುದಿಯೂ ಚೂಪು,
ಗುಲಾಬಿ ನಾರಿನ ಹೊರೆಯೊಳಗೆ ಸಾಲುಗಟ್ಟಿ ನಿಂತವನು.
ನಿನ್ನ ಪರಿಚಯ ನನಗಿತ್ತು.
ಮುತ್ತಿಯ ಮೊಣಕಾಲ ಕೆಳಗೆ, ಕಳೆಗತ್ತಿ ಜಾರಿದ ಕಡೆ,
ಮೂವತ್ತು ವರ್ಷದ ಹಿಂದೆ
ಒಳಗಿನಿಂದ ಹೊಲಿಗೆ ಹಾಕಿದವನೂ ನಿನ್ನ ಕುಲದವನೇ.
ಆಸ್ಪತ್ರೆಯಿಲ್ಲ, ಜೀಪಿಲ್ಲ,
ಕಮ್ಯುನಿಸ್ಟ್ ಗಿಡದ ಸೊಪ್ಪು ಅರೆದು ಕಟ್ಟಿ
ಮುಂದಿನ ಸೋಮವಾರ ಕೆಲಸಕ್ಕೆ ಹೋದಳಂತೆ.
ನೀನೂ ಹೋದೆ, ಕೂಲಿ ಕೇಳದೆ.

ಇಲ್ಲಿ ಮಾತ್ರ ಹೋಗಲಿಲ್ಲ.
ಗಾಯ ಇನ್ನೂ ಮಾಯಲಿಲ್ಲ, ಮಾಯಲಿಲ್ಲ ಎಂದು
ಆ ದೊಡ್ಡ ತಲೆಯವರು ಹಗಲೂ ರಾತ್ರಿ ಪಿಸುಗುಟ್ಟಿದರು,
ನೀನು ನಂಬಿದೆ.
ನಾರು ಹೊಸೆದು ಹೊಸೆದು ಬಿಗಿದೆ,
ಅವರಿಗೆ ಉಣ್ಣಲು ಕೊಟ್ಟೆ,
ನೀನೇ ನೆಯ್ದದ್ದನ್ನು ಕಡಿದು ಸುರಂಗ ತೆಗೆದೆ,
ಮುಂದೆ ಮುಂದೆ ನಡೆಯುತ್ತ
ಹಿಂದೆ ಬಂದವರಿಗೆ ಕೈ ಕೊಟ್ಟೆ.
ಮುತ್ತಿಗೂ ಕೈ ಕೊಟ್ಟೆ,
ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು.

ಮೀಯುವಾಗ ಅವಳ ಬೆರಳಿಗೆ ಸಿಕ್ಕ ಆ ಗಟ್ಟಿತನ
ಬಹುಪಾಲು ರೋಗದ್ದಲ್ಲ.
ನಿನ್ನ ದುಡಿಮೆಯದು.

ನನ್ನಪ್ಪ ಐತಪ್ಪ ಮೇಸ್ತ್ರಿ.
ಕಾಫಿ ಸಾಲಿನ ನಡುವೆ ದಾರಿ ಬಿಡಿಸುವುದರಲ್ಲಿ
ಅವನದು ಎತ್ತಿದ ಕೈ.
ಕಾಡಿನಂಚಿಗೆ ಅವನು ಸವರಿದ ದಾರಿಯಲ್ಲೇ
ಒಂದು ರಾತ್ರಿ ಮೂರು ಬೀಟೆ ಮರ ಇಳಿದು ಹೋದವು.
ಅಪ್ಪ ಮುಂದೆ ಟಾರ್ಚು ಹಿಡಿದಿದ್ದನೋ,
ಅವರೇ ದಾರಿಯ ಜಾಡು ಹಿಡಿದು ಬಂದರೋ,
ನಾನು ಕೇಳಲಿಲ್ಲ.
ಆ ತಿಂಗಳೇ ನನ್ನ ಡಿಪ್ಲೊಮಾದ ಫೀಸು ಕಟ್ಟಿದ್ದ.
ಹಾಗೆ ಕಲಿತ ಕೈ ಇದು,
ಈ ಗಾಜು ಹಿಡಿದಿರುವುದು.

"ಇವನನ್ನೇ ಕೊಂದುಬಿಟ್ಟರೆ?" ಎಂದೆ,
ಸ್ವಲ್ಪ ಜೋರಾಗಿಯೇ.
"ಇಲಿಗಳಲ್ಲಿ ನೋಡಿದ್ದಾರೆ," ಎಂದರು ಪೂವಮ್ಮ.
"ಕೆಲವು ಸಲ ರೋಗ ಇನ್ನೂ ಹುಚ್ಚೆದ್ದು ಓಡಿತು.
ದಾರಿ ಮಾಡುವವನೇ ಎಲ್ಲೋ ಬೇಲಿಯನ್ನೂ ಕಟ್ಟಿರುತ್ತಾನೆ.
ಯಾವಾಗ ಯಾವುದು, ಇನ್ನೂ ಪೂರ್ತಿ ತಿಳಿದಿಲ್ಲ."
ಕನ್ನಡಕ ಒರೆಸಿಕೊಂಡು
ಕಂಕುಳಿನ ಗಂಟಿನ ಗಾಜು ಕೇಳಿದರು.
ಅದಿನ್ನೂ ಬಣ್ಣದಲ್ಲಿದೆ ಎಂದೆ.

ಹೊರಗೆ ಮಂಜು ಕಾರಿಡಾರಿನೊಳಕ್ಕೇ ಬಂದಿತ್ತು.
ಬೆಂಚಿನ ಮೇಲೆ ಮುತ್ತಿ ಕಾಲು ಚಾಚಿ ಕೂತಿದ್ದಳು,
ಬಸ್ಸಿಗೆ ಚಿಲ್ಲರೆ ಎಣಿಸುತ್ತ.
ವರದಿ ಗುರುವಾರ, ಎಂದೆ.
ಅವಳು ಸೀರೆಯಂಚು ತುಸು ಸರಿಸಿದಳು:
ಬಿಳಿಚಿಕೊಂಡ ಹಳೆಯ ಕಲೆ, ನುಣ್ಣಗೆ,
ಬೆರಳುದ್ದ.
"ನೋಡಿ ಮೇಡಂ, ಇದು ಎಷ್ಟು ಚೆಂದ ಮಾಯ್ತು.
ನನ್ನ ಮೈ ಒಳ್ಳೆ ಮೈ.
ಅದೂ ಮಾಯ್ತದಲ್ಲ?"

ಒಳಗೆ ಬಣ್ಣದ ಟೈಮರ್ ಕೂಗಿತು.
ಹೋದೆ.