ಹಲಗೆ ನೆಡುವವನು

ಏಜೆಂಟರು ಯಾರಾದರೇನು, ಗುಂಡಿ ತೋಡುವವನು ನಾನೇ.
ಪೋರ್ಟ್ ಟಾಲ್ಬಟ್‌ನಿಂದ ನೀತ್‌ವರೆಗೆ ಐದು ಆಫೀಸಿಗೂ
ಒಂದೇ ಸುತ್ತಿಗೆ.
ಊರಲ್ಲಿ ಮುಖ ಕೊಟ್ಟು ಮಾತಾಡದವರ ಹೆಸರುಗಳು
ನನ್ನ ವ್ಯಾನಿನಲ್ಲಿ
ಬೆನ್ನಿಗೆ ಬೆನ್ನು ಹಚ್ಚಿ ಮಲಗಿರುತ್ತವೆ,
ನೀಲಿ, ಹಳದಿ, ಒಂದು ಇಟ್ಟಿಗೆಗೆಂಪು.

ಫೆಬ್ರವರಿಯಲ್ಲಿ ಗ್ವೆಂಡಾ ಪ್ರೋಸರ್ ಮನೆಗೆ ನೀಲಿ ನೆಟ್ಟೆ.
ಮಣ್ಣು ಕಲ್ಲಾಗಿತ್ತು,
ಮೂರನೇ ಏಟಿಗೆ ಕಂಬದ ತಲೆ ಸೀಳಿತು.
ಚೂಪು ಬೂಟಿನ ಹುಡುಗನೊಬ್ಬ ಒಳಗೆ ಮಂಡಿಯೂರಿ,
ಕಿಟಕಿಯಲ್ಲಿ ಉಕ್ಕಿನ ಕಾರ್ಖಾನೆಯ ಚಿಮಣಿ ಬಾರದ ಹಾಗೆ
ಫೋಟೋ ತೆಗೆಯುತ್ತಿದ್ದ.
ಆರು ವಾರ, ಮಿಸೆಸ್ ಪ್ರೋಸರ್, ಹೆಚ್ಚೆಂದರೆ ಏಳು.
ಸೋಫಾದ ಕೆಳಗಿಂದ ಒಂದು ಮುದಿ ನಾಯಿ
ಅವನ ಬೂಟನ್ನೇ ನೋಡುತ್ತಿತ್ತು.
ಅವಳು ನನಗೂ ಟೀ ತಂದಳು. ಗಂಡನಿಗೆ
ಅವನ ಅರ್ಧ ಕೊಡಬೇಕಂತೆ.
ಯಾವ ಅರ್ಧ, ಮಹಡಿಯೋ ಕೆಳಗಿನದೋ
ಕೋರ್ಟು ಹೇಳಲಿಲ್ಲ, ಎಂದು ನಕ್ಕಳು.

ಆಮೇಲೆ ಆ ಬೀದಿ ಹಾಯುವಾಗೆಲ್ಲ ಕಣ್ಣು ಅತ್ತ ಹೋಗುತ್ತಿತ್ತು.
ಕೊಲ್ಲಿಯ ಗಾಳಿಗೆ ಕಂಬ ವಾಲಿ
ಜೂನಿನ ಹೊತ್ತಿಗೆ ನನ್ನ ಹಲಗೆ
ಕುಡಿದವನ ಹಾಗೆ ಪಕ್ಕದ ಮನೆ ತೋರಿಸುತ್ತಿತ್ತು.
ಪಕ್ಕದ ಮನೆಯವರು ದೂರು ಕೊಟ್ಟರು.
ನೆಟ್ಟಗೆ ಮಾಡಿ ಬಂದೆ. ಮತ್ತೆ ವಾಲಿತು.

ಸೆಪ್ಟೆಂಬರಿನಲ್ಲಿ ಫೋನು: ನೀಲಿ ತೆಗೆ, ಹಳದಿ ಹಾಕು,
ವಿಳಾಸ ಅದೇ.
ಗೇಟಿನ ಹತ್ತಿರ ನಿಂತಿದ್ದಳು,
ಹಳೇ ಡಾಕ್ಟರಿಗೆ ಹೇಳದೆ ಹೊಸಬರಲ್ಲಿಗೆ ಹೋಗಿ
ದಾರಿಯಲ್ಲಿ ಹಳಬರ ನರ್ಸು ಸಿಕ್ಕಂಥ ಮುಖ.
ಹದಿನಾರು ವಾರದ ಕರಾರು ತೀರಿ
ಎರಡು ತಿಂಗಳಾದರೂ ಕಾದಳಂತೆ.
ಬಿಡುತ್ತೇನೆ ಎಂಬ ಕಾಗದ ನಾಲ್ಕು ಸಲ ಬರೆದು
ಮೂರು ಸಲ ಹರಿದಳಂತೆ.
"ಆ ಹುಡುಗನಿಗೆ ಬೇಜಾರಾಯಿತಾ?"
ನನಗೇನು ಗೊತ್ತು.
ಅವನು ಸ್ವಾನ್ಸೀಯಲ್ಲಿ ಕಾರು ಮಾರುತ್ತಿದ್ದಾನೆ ಎಂದು
ಕೇಳಿದ್ದೆ, ಹೇಳಲಿಲ್ಲ.

ಹಲಗೆಯ ಹಿಂದೆ ಎರಡು ಬಸವನಹುಳ. ಬೇಲಿಗೆ ಬಿಟ್ಟೆ.
ತಿರುಪು ಬಿಚ್ಚಿ ನೀಲಿ ಇಳಿಸಿ ಹಳದಿ ಕೂರಿಸಿದೆ.
ಕಂಬ ಕೀಳುವ ಗೋಜಿಗೆ ಹೋಗಲಿಲ್ಲ.
ಸೀಳಿದ ತಲೆಯನ್ನು ಅವಳು ಗುರುತು ಹಿಡಿದಳು.
"ಅದೇ ಕಂಬ ಅಲ್ಲವಾ ಇದು?"
ಅದೇ.
"ನೀನೂ ಅವನೇ."
ನಾನೂ ಅವನೇ.

ಹೊಸ ಏಜೆಂಟು, ಮಿಸೆಸ್ ಹ್ಯಾವರ್ಡ್,
ಕೋಟು ಕೂಡ ಬಿಚ್ಚದೆ ಮನೆ ಸುತ್ತಿದಳಂತೆ.
ಎಂಟು ಸಾವಿರ ಪೌಂಡು ಇಳಿಸಿ ಎಂದಳಂತೆ.
ಆಮೇಲೆ ಮೆಟ್ಟಿಲ ಬಳಿ ನಿಂತು, ಮೂಗು ಮುರಿದು,
ಕ್ಷಮಿಸಿ, ಮನೆ ತುಂಬ ನಾಯಿಯ ವಾಸನೆ,
ನೋಡಲು ಬಂದವರು ಬಾಗಿಲಲ್ಲೇ ತಿರುಗಿ ಹೋಗುತ್ತಾರೆ.

"ಬ್ರಿನ್ ಸತ್ತದ್ದು ಏಪ್ರಿಲ್ಲಿನಲ್ಲಿ," ಎಂದಳು ಗ್ವೆಂಡಾ.
"ಹತ್ತಿರವಿದ್ದವಳಿಗೆ ಗೊತ್ತಾಗುವುದಿಲ್ಲ ನೋಡು,
ವಾಸನೆ ಹೋಗಿಬಿಟ್ಟಿದೆ ಅಂದುಕೊಂಡಿದ್ದೆ.
ಅಲ್ಲೇ, ಆ ಮೆಟ್ಟಿಲ ಮೇಲೆಯೇ,
ಪೆನ್ನು ತೆಗೆದು ಸಹಿ ಹಾಕಿದೆ."

ಟೀ ಬೇಡವೆಂದೆ, ನೀತ್‌ನಲ್ಲಿ ಇನ್ನೊಂದು ಗಿರಾಕಿ
ಹಳದಿ ಬಿಟ್ಟು ನೀಲಿಗೆ ಬಂದಿದ್ದರು.
"ಒಂದು ನಿಮಿಷ," ಎಂದಳು, "ನೀನು ಹೊರಗಿನವನು,
ಬಂದು ಹೇಳು."

ಬೂಟು ಕಳಚಿ ಒಳಗೆ ನಿಂತೆ.
ಮೇಣದ ಪಾಲಿಶು. ಬೆಂದ ಆಲೂಗಡ್ಡೆ.
ಯಾರೋ ಹೇಳಿಕೊಟ್ಟಂತೆ ಹೊಸ ಕಾಫಿಪುಡಿಯ ಘಮ.
ಇನ್ನೊಮ್ಮೆ ಉಸಿರೆಳೆದೆ, ಹೊಟ್ಟೆಯವರೆಗೂ.

ಇದೆ, ಎಂದೆ.